ನಾಲ್ಕನೆಯ ದೆವ್ವ

ಹರಿಹರದ ಹೊಳೆದಂಡೆಯ ಡೇರೆಯಲ್ಲಿ ಸಂಜೆ ಹುಟ್ಟಿದ ಸುದ್ದಿ ಮರುದಿನ ಮುಂಜಾನೆಯ ರೈಲಿನಲ್ಲೇ ದಾವಣಗೆರೆಗೆ ಬಂದಿಳಿಯಿತು. ಮಂಡಿಪೇಟೆಯ ಹತ್ತಿ ಅಂಡಿಗೆಗಳ ನಡುವೆ ಕೈಕಾಲು ಬೆಳೆಸಿಕೊಂಡು, ಹೊತ್ತು ಮಾರುದ್ದ ಏರುವಷ್ಟರಲ್ಲಿ ಕಸ್ತೂರಮ್ಮನವರ ಮನೆಯ ಹೊಸ್ತಿಲಿಗೂ ಬಂದು ನಿಂತಿತು. ಮುನಾಫ್ ಸಾಹೇಬರ ಟೂರಿಂಗ್ ಟಾಕೀಸಿಗೆ ಹೊಸ ಚಿತ್ರವೊಂದು ಬಂದಿದೆ. ಹೆಸರು ‘ಭೂತ ಚತುಷ್ಟಯ’. ಒಂದೇ ಚಿತ್ರದ ಹೊಟ್ಟೆಯಲ್ಲಿ ಒಂದಕ್ಕೊಂದು ನಂಟಿಲ್ಲದ ನಾಲ್ಕು ಕಥೆ, ಕಥೆಗೊಂದು ದೆವ್ವ.

ಮುರಿದುಬಿದ್ದ ನಾಟಕ ಕಂಪನಿಯೊಂದರ ಅಳಿದುಳಿದ ನಟರು ಹಳೆಯ ಗೋದಾಮಿನಲ್ಲಿ ಪರದೆ ಕಟ್ಟಿ ತೆಗೆದ ಚಿತ್ರವದು. ಬಡತನ ಅದರ ಮೈಮೇಲೆಲ್ಲ ಎದ್ದು ಕಾಣುತ್ತಿತ್ತು. ಹುಣಸೆಮರದ ದೆವ್ವ ಹಾರುವಾಗ ಸೊಂಟಕ್ಕೆ ಬಿಗಿದ ಸೆಣಬಿನ ಹಗ್ಗ ಕಟ್ಟಕಡೆಯ ಬೆಂಚಿನವರಿಗೂ ಗೋಚರಿಸುತ್ತಿತ್ತು. ಎರಡನೆಯ ಕಥೆಯ ರುಂಡ ದಾರಿಹೋಕರನ್ನು ಎಲೆಅಡಿಕೆ ಬೇಡುತ್ತಿತ್ತು. ಅಗಿದದ್ದು ಯಾವ ಹೊಟ್ಟೆಗೆ ಹೋಗುತ್ತದೆಂದು ಗಿರಣಿಯ ಕೂಲಿಕಾರರು ಪಂಥ ಕಟ್ಟುತ್ತಿದ್ದರು. ಮೂರನೆಯದು ಎಲುಬುಗೂಡಿನ ಮದುಮಗ. ತಾಳಿ ಕಟ್ಟುವ ಹೊತ್ತಿಗೆ ಅವನ ಬೆರಳು ಕಳಚಿ ಅಕ್ಷತೆಯ ತಟ್ಟೆಗೆ ಬಿದ್ದಾಗ ಡೇರೆಯ ಗೂಟವೇ ಅಲುಗುವಷ್ಟು ನಗು. ಕೊಟ್ಟ ಕಾಸು ಹೊಳೆಗೆ ಹಾಕಿದಂತಾಯಿತೆಂದು ಬೈದವರು ಕೆಲವರು. ಬೈದುಕೊಂಡೇ ಮತ್ತೆ ಹೋದವರು ಹಲವರು. ನಾಲ್ಕನೆಯ ಕಥೆಯ ವಿಷಯದಲ್ಲಿ ಮಾತ್ರ ಊರು ಎರಡಾಗಿತ್ತು.

ಆ ಎರಡಾದ ಊರಿನ ಒಂದು ಭಾಗವನ್ನು ಬೆನ್ನಿಗಿಟ್ಟುಕೊಂಡು ಬಂದವರು ಹತ್ತಿ ವ್ಯಾಪಾರಿ ವಾಮದೇವಪ್ಪನವರು. ಪೇಟೆಯ ಪುರಾಣ ಮಂಟಪದ ಸಮಿತಿಗೆ ಅವರೇ ಹಿರಿಯರು. ಆ ಮಂಟಪದಲ್ಲಿ ಸೋಮವಾರಕ್ಕೊಮ್ಮೆ, ಕಾರ್ತಿಕದಲ್ಲಿ ತಿಂಗಳಿಡೀ, ಪುರಾಣ ಹೇಳುವವರು ಕಸ್ತೂರಮ್ಮನವರು. ಅವರ ತಂದೆ ಸಂಸ್ಕೃತ ಪಾಠಶಾಲೆಯ ಪಂಡಿತರು. ಗಂಡುಸಂತಾನವಿಲ್ಲದೆ ಮಗಳಿಗೇ ಕಾವ್ಯ, ಅಲಂಕಾರ, ಆಗಮಗಳನ್ನು ಧಾರೆಯೆರೆದು ಹೋದವರು. ಗಂಡ ಲಿಂಗೈಕ್ಯನಾದ ಮೇಲೆ ಆಕೆ ಪುರಾಣದ ಮಣೆಯೇರಿದಾಗ ಮೂಗುಮುರಿದವರೇ ಹೆಚ್ಚು. ಮೂಗು ಮುರಿದವರೆಲ್ಲ ಈಗ ಮುಂದಿನ ಸಾಲಿನಲ್ಲಿ ಕೂತು ತಲೆದೂಗುತ್ತಿದ್ದರು. ಆಕೆಗೆ ಲೋಕದಲ್ಲಿ ಇದ್ದದ್ದು ಎರಡೇ: ಎದೆಯ ಮೇಲಿನ ಲಿಂಗ, ಕಾರ್ತಿಕದ ಆ ಮಣೆ.

“ಕಸ್ತೂರಕ್ಕ, ನಮ್ಮ ಹಣಿಗೆ ಮಸಿ ಬಳದಾರೆ,” ಎಂದರು ವಾಮದೇವಪ್ಪ, ಪಡಸಾಲೆಯ ಕಂಬಕ್ಕೆ ಒರಗಿ ಕೂತು.

“ಮೊದಲು ನೀರು ಕುಡೀರಿ. ಮಸಿ ಆಮ್ಯಾಲೆ ತೊಳೆಯೋಣ.”

“ನಗೋ ಮಾತಲ್ಲ ಇದು. ಆ ಸಿನಿಮಾದಾಗೆ ನಾಲ್ಕನೇ ದೆವ್ವ ಹಣಿ ತುಂಬ ವಿಭೂತಿ ಧರಿಸಿ ಬರ್ತೈತಂತೆ. ನಮ್ಮ ಮಂದಿ ಸೊಸಿಯಂತೆ. ಲಿಂಗವಂತರು ದೆವ್ವ ಆಗೋದುಂಟಾ? ನೀವೇ ಹೇಳ್ರಿ.”

ಉಂಟೆಂದು ಯಾರು ಹೇಳಿಯಾರು? ಅಂಗದ ಮೇಲೆ ಲಿಂಗ ಧರಿಸಿದವರಿಗೆ ಸಾವೆಂಬುದಿಲ್ಲ, ಸೂತಕವಿಲ್ಲ, ಅಲೆಯುವ ಪ್ರೇತವಿಲ್ಲ. ದೇಹವನ್ನು ಕುಳಿತ ಭಂಗಿಯಲ್ಲೇ ಕ್ರಿಯಾಸಮಾಧಿಗೆ ಇಳಿಸಿ, ವಿಭೂತಿ ಪತ್ರೆ ಮುಚ್ಚಿ, ಅವರವರ ಇಷ್ಟಲಿಂಗವನ್ನು ಅವರವರ ಎಡ ಅಂಗೈಯಲ್ಲಿ ಇರಿಸಿದರೆ, ಬಯಲು ಬಯಲನ್ನು ಸೇರಿತು. ಇದು ಕಸ್ತೂರಮ್ಮ ವರ್ಷವರ್ಷವೂ ಮಣೆಯ ಮೇಲೆ ಕೂತು ಹೇಳಿದ ಮಾತೇ.

“ಆಗೋದಿಲ್ಲ,” ಎಂದರು.

“ಸಾಕು. ಈ ಮಾತನ್ನೇ ಸೋಮವಾರ ಮಂಟಪದಾಗೆ ಹೇಳಿಬಿಡ್ರಿ. ಚಿತ್ರ ಶಾಸ್ತ್ರವಿರುದ್ಧ ಅಂತ. ನಿಮ್ಮ ಮಾತು ಹಿಡಕೊಂಡು ನಾನು ಹರಿಹರದ ಪುರಸಭೆಗೆ ಹೋಗ್ತೀನಿ. ಡೇರೆ ಕೀಳಿಸೋದು ನನಗಿರಲಿ.”

“ಚಿತ್ರ ನೋಡಿದ್ರಾ ತಾವು?”

“ನಾನ್ಯಾಕ ನೋಡ್ಲಿ ಅಂಥಾದ್ದನ್ನ? ವಿಷ ಅಂತ ಹೇಳಾಕೆ ಕುಡಿದು ನೋಡ್ಬೇಕಾ?”

“ಕುಡಿಯೋದು ಬ್ಯಾಡ. ಬಟ್ಟಲದಾಗೆ ಏನೈತೆ ಅಂತ ಬಗ್ಗಿಯಾದ್ರೂ ನೋಡಬೇಕಲ್ಲ.”

ವಾಮದೇವಪ್ಪ ಹೆಗಲ ಮೇಲಿನ ವಸ್ತ್ರ ಸರಿಪಡಿಸಿಕೊಂಡರು. ಅವರು ದನಿಯೇರಿಸುವ ಜಾತಿಯವರಲ್ಲ. ಹತ್ತಿಯ ವ್ಯಾಪಾರದಲ್ಲಿ ಪಳಗಿದ ನಾಲಗೆ. “ಅಕ್ಕ, ರಾಣೆಬೆನ್ನೂರು ಕಡೆ ಶಾಸ್ತ್ರಿಗಳೊಬ್ರು ಅದಾರೆ. ನಮ್ಮ ಮಣಿ ಮ್ಯಾಲೆ ಕೂಡ್ರಬೇಕಂತ ಭಾಳ ದಿನದ ಆಸಿ ಅವರಿಗೆ. ಸಮಿತಿಯೋರಿಗೆ ನಾನು ಇಲ್ಲೀತನಕ ಬ್ಯಾಡ ಅನ್ಕೋತ ಬಂದೀನಿ. ಅದೊಂದು ನೆನಪಿರಲಿ.”

ಮೆತ್ತಗೆ ಹೇಳಿದ ಮಾತು ಮೆತ್ತಗೇ ಕೊಯ್ಯಿತು. ಅವರು ಹೋದ ಮೇಲೆ ಕಸ್ತೂರಮ್ಮ ಹಿತ್ತಲಲ್ಲಿ ಪಾತ್ರೆ ಬೆಳಗುತ್ತಿದ್ದ ಮನೆಗೆಲಸದ ದುರುಗವ್ವನನ್ನು ಕರೆದರು.

“ಆ ಸಿನಿಮಾ ನೋಡಿಯೇನೆ ನೀನು?”

“ನೋಡೀನಿ ಬಿಡ್ರಿ ಅವ್ವಾರೆ. ಊರು ಮಂದೆಲ್ಲ ನೋಡಿದ್ದನ್ನ ನಾನು ಬಿಡ್ತೀನಾ?”

“ಹೆದರಿಕಿ ಆತಾ?”

“ಮೊದಲನೇದಕ್ಕೆ ನಗು ಬಂತು. ಎರಡನೇದಕ್ಕೂ ನಗು ಬಂತು. ಮೂರನೇದಕ್ಕೆ ಪಕ್ಕದಾಕಿ ನನ್ನ ಮೈಮ್ಯಾಲೆ ಬಿದ್ದು ನಕ್ಕಳು, ನನ್ನ ಹೆಗಲು ಇನ್ನೂ ನೋಯ್ತೈತೆ. ನಾಲ್ಕನೇದು ನನಗೆ ತಿಳೀಲಿಲ್ಲ. ಆಕಿ ಕೂಗಂಗಿಲ್ಲ, ಹಾರಂಗಿಲ್ಲ, ಸುಮ್ನೆ ಬಂದು ಕೈ ಚಾಚ್ತಾಳೆ. ಬಾಕಿ ಕೂಲಿ ಕೇಳ್ತಾಳೇನೋ ಅಂದ್ಕೊಂಡೆ.”

“ಯಾವ ಕೈ?”

ದುರುಗವ್ವ ಬೂದಿ ಮೆತ್ತಿದ ತನ್ನ ಎರಡೂ ಕೈ ನೋಡಿಕೊಂಡು, ನೆನಪು ಮಾಡಿಕೊಂಡು, ಎಡಗೈ ಎತ್ತಿದಳು.

ಕಸ್ತೂರಮ್ಮ ಎದ್ದು ನಿಂತರು. “ನಾಳೆ ಹರಿಹರಕ್ಕೆ ಹೋಗೋಣ.”

ಸಿನಿಮಾ ಎಂಬುದನ್ನು ಹುಟ್ಟಿದಂದಿನಿಂದ ಕಂಡವರಲ್ಲ ಅವರು. ಕದ್ದು ಹೋಗುವ ದಾರಿಗಳಿದ್ದವು; ಬಂಡಿಗೆ ಪರದೆ ಕಟ್ಟಿಸಬಹುದಿತ್ತು, ದೇವಸ್ಥಾನದ ನೆವ ಹೇಳಬಹುದಿತ್ತು. ಅವರು ಹಣೆಯ ಮೇಲೆ ಮೂರೆಳೆ ವಿಭೂತಿ ಎಳೆದು, ಬಿಳಿಯ ಸೀರೆಯುಟ್ಟು, ಹಾಡುಹಗಲೇ ಮಂಡಿಪೇಟೆಯ ನಟ್ಟನಡುವೆ ಸ್ಟೇಷನ್ನಿನ ಕಡೆಗೆ ನಡೆದರು. ಎಲ್ಲಿಗೆ ಹೊರಟಿರೆಂದು ಕೇಳಿದವರಿಗೆಲ್ಲ ಉತ್ತರ ಒಂದೇ: “ದೆವ್ವ ನೋಡಾಕೆ.”

ಹರಿಹರದಲ್ಲಿ ಇಳಿದು, ತುಂಗಭದ್ರೆಯಲ್ಲಿ ಕೈಕಾಲು ತೊಳೆದು, ಅರ್ಧ ಹರಿ ಅರ್ಧ ಹರನಾಗಿ ನಿಂತ ದೇವರಿಗೆ ಕೈಮುಗಿದು ಡೇರೆಗೆ ಬರುವಾಗ ದೀಪ ಹಚ್ಚುವ ಹೊತ್ತು. ಗ್ರಾಮಫೋನು ಹಾಡುತ್ತಿತ್ತು. ಕಸ್ತೂರಮ್ಮನವರನ್ನು ಕಂಡು ಮುನಾಫ್ ಟಿಕೆಟಿನ ಕಿಟಕಿಯಿಂದ ಎದ್ದೇ ಬಂದರು.

“ಅಮ್ಮಾ, ನೀವು ಬಂದ್ರಾ? ನಂಗೆ ಎಲ್ಲಾ ಗೊತ್ತಾಗೈತೆ. ದಾವಣಗೆರೆ ಸಾವಕಾರ್ರು ಸಿಟ್ಟಾಗ್ಯಾರೆ. ನಂಗ್ಯಾಕಮ್ಮಾ ಈ ತಕರಾರು? ನಾಲ್ಕನೇದು ಕತ್ತರಿಸಿಬಿಡ್ತೀನಿ. ಜನಕ್ಕೆ ಮೂರು ದೆವ್ವ ಸಾಕು.”

“ನಾನು ಬಂದಿರೋದೇ ನಾಲ್ಕನೇದಕ್ಕೆ. ಕತ್ರಿ ಇವತ್ತು ಜೇಬಿನಾಗೇ ಇರಲಿ.”

“ಕುರ್ಚಿ ಹಾಕಸ್ಲಾ?”

“ಕುರ್ಚಿ ಗಂಡಸರ ಕಡೆ ಐತಲ್ಲಪ್ಪ. ನಮಗೆ ಚಾಪಿ ಸಾಕು.”

ಹೆಂಗಸರ ಕಡೆಯ ಚಾಪೆಯ ಮೇಲೆ ಅವರು ಪದ್ಮಾಸನ ಹಾಕಿ ಕೂತದ್ದನ್ನು ಕಂಡು ಅಕ್ಕಪಕ್ಕದವರು ಸೀರೆ ಸೆಳೆದುಕೊಂಡು ಸರಿದರು. ಬೆಳಕು ಆರಿತು. ಹುಣಸೆಮರ ಬಂತು, ಹಗ್ಗ ಬಂತು. ಭಯಾನಕ ರಸವು ಹಾಸ್ಯಕ್ಕೆ ಇಷ್ಟು ಹತ್ತಿರದ ನೆಂಟನೆಂಬುದು ಕಸ್ತೂರಮ್ಮನವರಿಗೆ ಪುಸ್ತಕದಲ್ಲಿ ಗೊತ್ತಿತ್ತು, ಕಣ್ಣಾರೆ ಗೊತ್ತಿರಲಿಲ್ಲ. ರುಂಡವು ಸುಣ್ಣ ಹೆಚ್ಚಾಯಿತೆಂದು ಮುಖ ಕಿವುಚಿದಾಗ ಅವರಿಗೂ ನಗು ತಡೆಯಲಾಗಲಿಲ್ಲ. ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ದುರುಗವ್ವ ಅದನ್ನು ಗುರುತಿಟ್ಟುಕೊಂಡು, “ನಗ್ರಿ ನಗ್ರಿ, ಕಾಸು ಕೊಟ್ಟೀವಿ,” ಎಂದಳು.

ಇದ್ದದ್ದು ಒಂದೇ ಯಂತ್ರ. ಸುರುಳಿ ಬದಲಿಸಲು ದೀಪ ಹತ್ತಿತು, ಕಡಲೆಕಾಯಿಯವನು ಒಂದು ಸುತ್ತು ಬಂದ, ದೀಪ ಆರಿತು. ನಾಲ್ಕನೆಯದು ತೊಡಗಿತು.

ಸೊಸೆಯೊಬ್ಬಳು ಜ್ವರದಲ್ಲಿ ತೀರಿಕೊಂಡಿದ್ದಾಳೆ. ಊರಿಗೆ ತಿಳಿಯುವ ಮುನ್ನ ಅತ್ತೆ ಅವಳ ಕೊರಳಿನಿಂದ ಲಿಂಗದ ಬೆಳ್ಳಿಯ ಕರಡಿಗೆಯನ್ನು ಬಿಚ್ಚುತ್ತಾಳೆ. ಒಳಗಿನ ಲಿಂಗವನ್ನು ತೆಗೆದು ಸತ್ತವಳ ಕೈಗೆ ಕೊಡಬೇಕು. ಆದರೆ ಕರಡಿಗೆಯ ತಿರುಪು ಬಿಗಿದುಕೊಂಡಿದೆ. ಹೊರಗೆ ಕಾಲಸಪ್ಪಳ. ಅತ್ತೆ ಲಿಂಗಸಮೇತ ಬೆಳ್ಳಿಯನ್ನು ಮಡಿಲಿಗೆ ಸೇರಿಸುತ್ತಾಳೆ. ಗಂಡ ಕಂಡೂ ಕಾಣದಂತೆ ಗೋಡೆ ನೋಡುತ್ತಾನೆ. ಸಮಾಧಿಯಲ್ಲಿ ಸೊಸೆಯ ಎಡಗೈ ಬರಿದು. ಹೊಸ ಸೊಸೆ ಬರುತ್ತಾಳೆ, ಅದೇ ಬೆಳ್ಳಿ ಅವಳ ಕೊರಳಿಗೆ ಬರುತ್ತದೆ. ಆಗ ಸತ್ತವಳು ಬರುತ್ತಾಳೆ. ಹಗ್ಗವಿಲ್ಲ, ಬಣ್ಣದ ಹಲ್ಲಿಲ್ಲ. ರೊಟ್ಟಿ ಬಡಿಯುವ ಅತ್ತೆಯ ಎದುರು, ಅಂಗಡಿಯ ಕಟ್ಟೆಯ ಮೇಲಿನ ಗಂಡನ ಎದುರು, ಬಂದು ನಿಂತು ಎಡ ಅಂಗೈ ತೆರೆಯುತ್ತಾಳೆ. ಅಷ್ಟೇ.

ನೆಲದ ಮೇಲೆ ಕೂತ ಗಂಡಸರ ಗುಂಪಿನಿಂದ ಯಾರೋ, “ತಗೋ ತಾಯಿ,” ಎಂದು ಒಂದು ಕಾಸನ್ನು ಪರದೆಗೆ ಎಸೆದರು. ಇನ್ನೊಂದು ಬಂತು. ನಗು ಎದ್ದಿತು. ಈಚೆ ಹೆಂಗಸರ ಚಾಪೆಯ ಮೇಲೆ, ವಿಭೂತಿಯ ಹಣೆಗಳೆಲ್ಲ ಕಲ್ಲಾಗಿದ್ದವು. ಕತ್ತಲಲ್ಲಿ ಒಬ್ಬೊಬ್ಬರ ಕೈಯೂ ತಮ್ಮ ತಮ್ಮ ಎದೆಯ ಮೇಲಿನ ಕರಡಿಗೆಯನ್ನು ಹುಡುಕುತ್ತಿತ್ತು. ಕಸ್ತೂರಮ್ಮನವರ ಕೈಯೂ. ಎಷ್ಟೋ ಮನೆಗಳ ಸಾವಿನಲ್ಲಿ ಹೆಂಗಸರು ಗುಸುಗುಸು ಮಾಡಿದ್ದನ್ನು ಅವರು ಕೇಳಿದ್ದರು. ಮಣ್ಣಿನೊಳಗೆ ಬೆಳ್ಳಿ ಯಾಕೆ ಎಂಬ ಮಾತು, ಮುಷ್ಟಿ ಮುಚ್ಚಿಸಿ ಅವಸರದಲ್ಲಿ ಇಳಿಸಿದ ದೇಹಗಳು. ಅಂಜಿಕೆಯ ನಡುವೆಯೂ ಪಂಡಿತರ ಮಗಳ ಕಣ್ಣು ಒಂದನ್ನು ಹಿಡಿಯಿತು: ತೊಟ್ಟಿಲ ಕೂಸು ಆ ಹೆಣ್ಣನ್ನು ನೋಡುವುದಿಲ್ಲ, ಭಿಕ್ಷುಕ ಅವಳ ಮೈಯೊಳಗಿಂದಲೇ ಹಾದುಹೋಗುತ್ತಾನೆ, ಏನೂ ಅರಿಯದ ಹೊಸ ಸೊಸೆಗೂ ಅವಳು ಕಾಣುವುದಿಲ್ಲ. ಕಾಣುವುದು ಅತ್ತೆಗೆ. ಕಾಣುವುದು ಗಂಡನಿಗೆ.

ಆಟ ಮುಗಿದ ಮೇಲೆ ಮುನಾಫ್ ಬಾಗಿಲಲ್ಲಿ ಕಾದಿದ್ದರು. “ಏನಂತೀರಿ ಅಮ್ಮಾ? ಕತ್ತರಿಸ್ಲಾ?”

“ಕತ್ತರಿಸೋದಾದ್ರೆ ಮೊದಲ ಮೂರನ್ನ ಕತ್ತರಿಸ್ರಿ. ನಾಲ್ಕನೇದು ಇರಲಿ.”

ಮುನಾಫ್ ನಕ್ಕರು. “ಆಗ ಒಬ್ರೂ ಬರಲ್ಲಮ್ಮಾ. ಈ ಜನ ಬರೋದು ಹಗ್ಗದ ದೆವ್ವ ನೋಡಿ ನಗಾಕೆ. ನಕ್ಕು ನಕ್ಕು ಎದಿ ಸಡಿಲ ಆದ ಮ್ಯಾಲೇನೇ ಆಕಿ ಒಳಗೆ ಹೋಗೋದು. ಬರೀ ಆಕೀನ ತೋರಿಸಿದ್ರೆ ಬಾಗಿಲು ಹಾಕ್ಕೋತಾರೆ.”

ಕಸ್ತೂರಮ್ಮ ಒಪ್ಪಿದರು. ತಾವೂ ಪುರಾಣದಲ್ಲಿ ನಡುನಡುವೆ ನಗೆಯ ಕಥೆ ಸೇರಿಸುತ್ತಿದ್ದುದು ಇದೇ ಕಾರಣಕ್ಕಲ್ಲವೆ?

ಸೋಮವಾರ ಮಂಟಪ ಕಿಕ್ಕಿರಿಯಿತು. ಪುರಾಣದಮ್ಮ ಸಿನಿಮಾಕ್ಕೆ ಹೋಗಿಬಂದ ಸುದ್ದಿ ಊರಿಗೆಲ್ಲ ಹಬ್ಬಿತ್ತು. ಕಸ್ತೂರಮ್ಮ ಮಣೆಯ ಮೇಲೆ ಕೂತು, ಗುರುವನ್ನು ನೆನೆದು, ಕಣ್ಣು ತೆರೆದರು. ವಾಮದೇವಪ್ಪ ಎದ್ದು ಕೈಮುಗಿದು ಕೇಳಿದರು: “ಚಿತ್ರ ಶಾಸ್ತ್ರಕ್ಕೆ ವಿರುದ್ಧ ಹೌದೋ ಅಲ್ಲೋ, ಅಪ್ಪಣಿ ಆಗಲಿ.”

“ಮೊದಲ ಮೂರು ಕಥಿಗೆ ಶಾಸ್ತ್ರಾನೂ ಇಲ್ಲ, ಅಶಾಸ್ತ್ರಾನೂ ಇಲ್ಲ. ಅವು ಮಕ್ಕಳಾಟ. ನಾಲ್ಕನೇದು ವಿರುದ್ಧ ಅಲ್ಲ.”

ಜನ ಜೇನುಗೂಡಿನಂತೆ ಗುಂಯ್ ಎಂದರು. ವಾಮದೇವಪ್ಪನವರ ಮುಖ ಕೆಂಪೇರಿತು, ದನಿ ಏರಲಿಲ್ಲ.

“ಲಿಂಗವಂತರು ದೆವ್ವ ಆಗೋದಿಲ್ಲ ಅಂತ ನೀವೇ ಅಂದ್ರಿ.”

“ಈಗಲೂ ಅಂತೀನಿ.”

“ಆಕಿ ಕೈಯಾಗೆ ಲಿಂಗ ಇಡಲಿಲ್ಲ, ಅದಕ್ಕೆ ದೆವ್ವ ಆದ್ಳು ಅಂತ ಅವರ ಕಥಿ. ಅದು ತಪ್ಪಲ್ಲಾ? ಬದುಕಿದ್ದಾಗ ಪೂಜಿಸಿದ ಲಿಂಗ ಪ್ರಾಣದಾಗೆ ಬೆರೆತಿರ್ತೈತೆ. ಸತ್ತ ಮ್ಯಾಲೆ ಬೆಳ್ಳಿ ಕಸಕೊಂಡ್ರೆ ಐಕ್ಯ ಕಸಕೊಂಡಂಗಾ? ಹೋದ ವರ್ಷ ಇದೇ ಮಣಿ ಮ್ಯಾಲೆ ನೀವೇ ಹೇಳಿದ್ದಿದು.”

ಇದು ತಳ್ಳಿಹಾಕಬಹುದಾದ ವಾದವಲ್ಲ. ತಮ್ಮ ಮಾತೇ ತಮ್ಮೆದುರು ಪ್ರತಿವಾದಿಯಾಗಿ ನಿಂತದ್ದನ್ನು ಕಂಡು ಕಸ್ತೂರಮ್ಮನವರಿಗೆ ಸಂತೋಷವೇ ಆಯಿತು. ಇವರು ಕೇಳಿಸಿಕೊಂಡಿದ್ದಾರೆ.

“ಸರಿಯಾಗಿ ನೆನಪಿಟ್ಟೀರಿ ವಾಮದೇವಪ್ಪ. ಕಸಕೊಂಡಂಗಲ್ಲ. ಆ ಹೆಣ್ಣುಮಗಳು ಐಕ್ಯ ಆಗ್ಯಾಳೆ. ಆಕಿಗೆ ಯಾವ ಕೊರತೀನೂ ಇಲ್ಲ, ಆಕಿ ಎಲ್ಲಿಗೂ ತಿರುಗಿ ಬಂದಿಲ್ಲ.”

“ಮತ್ತೆ ಬಂದೋರ್ಯಾರು?”

“ಅದನ್ನೇ ನೋಡಾಕೆ ನಾನು ಹರಿಹರಕ್ಕೆ ಹೋಗಿದ್ದು. ತೊಟ್ಟಿಲ ಕೂಸಿಗೆ ಆಕಿ ಕಾಣಲ್ಲ. ಭಿಕ್ಷದವನಿಗೆ ಕಾಣಲ್ಲ. ಕಸಕೊಂಡಾಕಿಗೆ ಕಾಣ್ತಾಳೆ, ಸುಮ್ನಿದ್ದವನಿಗೆ ಕಾಣ್ತಾಳೆ. ಸತ್ತೋರು ದೆವ್ವ ಆಗಲ್ಲಪ್ಪ. ಕಸಕೊಂಡೋರ ಮನ್ಯಾಗೆ ಅವರ ಪಾಪಾನೇ ಎದ್ದು ಸತ್ತೋರ ಮಾರಿ ಹಾಕ್ಕೊಂಡು ತಿರುಗ್ತೈತೆ. ವಿಭೂತಿ ಹಚ್ಚಿದ ದೆವ್ವ ಬಂತು ಅಂತ ನಿಮಗೆ ಅವಮಾನ ಆತು. ವಿಭೂತಿ ಹಚ್ಚಿದ ಕೈ ಸತ್ತಾಕಿ ಕೊರಳಿಗೆ ಹೋತಲ್ಲ, ಅದಕ್ಕೆ ಅವಮಾನ ಆಗಲಿಲ್ಲಾ? ಇದು ನಮ್ಮ ಮನಿಗಳಾಗೆ ಆಗೇ ಇಲ್ಲ ಅಂತ ಯಾರಾದ್ರೂ ಒಬ್ರು ಎದ್ದು ನಿಂತು, ಲಿಂಗ ಮುಟ್ಟಿ ಹೇಳ್ರಿ. ನಾನು ಈಗಿಂದೀಗ ಚಿತ್ರ ತಪ್ಪು ಅಂತೀನಿ.”

ಯಾರೂ ಏಳಲಿಲ್ಲ. ಗಂಡಸರು ನೆಲ ನೋಡಿದರು. ಹೆಂಗಸರು ಒಬ್ಬರನ್ನೊಬ್ಬರು ನೋಡಿದರು. ವಾಮದೇವಪ್ಪ ಮಾತ್ರ ನಿಂತೇ ಇದ್ದರು. ಲಿಂಗ ಮುಟ್ಟಲು ಅವರಿಗೂ ಕೈ ಬರಲಿಲ್ಲ. ಅವರು ಕೆಟ್ಟವರಲ್ಲ, ಎಲ್ಲ ಮನೆಗಳನ್ನೂ ಬಲ್ಲವರು.

“ಇಂಥವನ್ನ ನಾಲ್ಕು ಗ್ವಾಡಿ ಒಳಗೆ ಮಾತಾಡ್ಬೇಕು ಅಕ್ಕ,” ಎಂದರು. “ಡೇರಿಯಾಗೆ ಮಂದಿ ಕಾಸು ಎಸೆದು ನಗ್ತಾರೆ. ನಮ್ಮ ಧರ್ಮ ಅವರಿಗೆ ತಮಾಷಿ ಆಗ್ಬೇಕಾ? ನಿಮ್ಮ ಮಾತು ಹಿಂದಕ್ಕೆ ತಗೊಳ್ರಿ. ಇಲ್ಲಾಂದ್ರೆ ಈ ಕಾರ್ತಿಕಕ್ಕೆ ಮಣಿ ಬ್ಯಾರೇದೋರಿಗೆ.”

“ನಾಲ್ಕು ಗ್ವಾಡಿ ಒಳಗೇ ಇದ್ದುದಕ್ಕೇ ಅಲ್ಲೇನು ಇದು ಇಷ್ಟು ಬೆಳದದ್ದು?” ಎಂದರು ಕಸ್ತೂರಮ್ಮ. ಕಾಲು ಬಿಡಿಸಿ, ಮಣೆಯಿಂದ ಕೆಳಗಿಳಿದು, ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. “ಮಣಿ ನಿಮ್ಮದು. ಇಟ್ಕೊಳ್ರಿ. ಮಾತು ನನ್ನದು.”

ಬಾಗಿಲಿನತ್ತ ಹೋಗುವಾಗ ಕಂಬದ ಮರೆಯ ಮುದುಕಿಯೊಬ್ಬಳು ಅವರ ಸೆರಗು ಹಿಡಿದು ಕೇಳಿದಳು: “ಅಮ್ಮಾರೆ, ಆ ಚಿತ್ರ ಇನ್ನೂ ಐತಾ, ಹೋತಾ?”

“ಐತೆ. ಸೊಸ್ತೇರನ್ನೂ ಕರಕೊಂಡು ಹೋಗ್ರಿ.”

ಶಾಸ್ತ್ರದ ಆಸರೆಯಿಲ್ಲದ ದೂರು ಪುರಸಭೆಯಲ್ಲಿ ನಿಲ್ಲಲಿಲ್ಲ; ಡೇರೆ ನಿಂತಿತು. ಆದರೆ ಕಾರ್ತಿಕ ಹಿಡಿದ ಸಂಜೆ ಮಂಟಪದ ಧ್ವನಿವರ್ಧಕದಲ್ಲಿ ರಾಣೆಬೆನ್ನೂರಿನ ಶಾಸ್ತ್ರಿಗಳ ಕಂಚಿನ ಕಂಠ ಮಂಡಿಪೇಟೆಯನ್ನೆಲ್ಲ ತುಂಬುವಾಗ, ಕಸ್ತೂರಮ್ಮ ಹರಿಹರದ ರೈಲಿನಲ್ಲಿದ್ದರು. ಮನೆಯಲ್ಲಿ ಕೂತು ಆ ದನಿಯನ್ನು ಕೇಳಲು ಅವರಿಗೆ ಮನಸ್ಸಿರಲಿಲ್ಲ. ಅಳಲೂ ಮನಸ್ಸಿರಲಿಲ್ಲ.

“ಮುನಾಫ್ ಸಾಹೇಬ್ರೆ, ಮೂರನೇದು ಮುಗಿದ ಮ್ಯಾಲೆ ಸುರುಳಿ ಬದಲಿಸ್ತೀರಲ್ಲ, ಆ ಹೊತ್ತು ನನಗೆ ಕೊಡ್ರಿ.”

“ಏನು ಮಾಡ್ತೀರಿ ಅಮ್ಮಾ?”

“ಪುರಾಣ ಹೇಳ್ತೀನಿ. ಕಾರ್ತಿಕ ಸುಮ್ನೆ ಹೋಗಬಾರದು.”

ಮುನಾಫ್ ಗಡ್ಡ ಕೆರೆದುಕೊಂಡರು. “ಕಡ್ಲೆಕಾಯಿಯೋನು ಜಗಳ ತೆಗೀತಾನೆ.” ಆಮೇಲೆ, “ಹೇಳ್ರಿ. ಆದ್ರೆ ಜನ ಏನಾದ್ರೂ ಅಂದ್ರೆ ನನ್ನ ಬೈಬ್ಯಾಡ್ರಿ,” ಎಂದರು.

ಜನ ಅಂದರು. ಎಲುಬುಗೂಡಿನ ಮದುಮಗ ಹೋಗಿ ದೀಪ ಹತ್ತಿದಾಗ, ಪರದೆಯ ಮುಂದೆ ಸೋಪಿನ ಖಾಲಿ ಪೆಟ್ಟಿಗೆಯ ಮೇಲೆ ಬಿಳಿಸೀರೆಯ ಮುದುಕಿ ಕೂತಿದ್ದನ್ನು ಕಂಡು ಗಿರಣಿಯ ಹುಡುಗರು ಕೇಕೆ ಹಾಕಿದರು. “ಇದು ಐದನೇ ದೆವ್ವ ಕಣ್ರೋ,” ಎಂದನೊಬ್ಬ. “ಅಜ್ಜಿ, ಎದ್ದು ಹೋಗು, ಆಕಿ ಬರಲಿ.”

“ಬರ್ತಾಳೆ ತಮ್ಮ, ಎಲ್ಲಿಗೂ ಹೋಗಲ್ಲ. ಆಕಿ ಕೈ ಯಾಕ ಚಾಚ್ತಾಳೆ, ಬಲ್ಲೆಯಾ?”

“ದುಡ್ಡಿಗೆ.”

“ಅಲ್ಲ. ಕೂಡು, ಹೇಳ್ತೀನಿ.”

ಮಂಟಪದಲ್ಲಿ ತಲೆದೂಗುವವರ ಎದುರು ಮಾತು ತಾನಾಗಿ ಹರಿಯುತ್ತಿತ್ತು. ಇಲ್ಲಿ ಒಂದೊಂದು ಮಾತಿಗೂ ದಾರಿ ಕಡಿಯಬೇಕು. ಬೀಡಿಯ ಹೊಗೆ, ಕೂಸುಗಳ ಅಳು, ಹೊರಗೆ ಡೈನಮೋ ಗುಡುಗು. ಅವರು ದನಿಯೇರಿಸಿದರು. ಸತ್ತವರ ಅಂಗೈಯಲ್ಲಿ ಏನನ್ನು ಇಡುತ್ತಾರೆ, ಏಕೆ ಇಡುತ್ತಾರೆ, ಅದನ್ನು ಕೊಡದೆ ಉಳಿಸಿಕೊಂಡವರಿಗೆ ಏನು ಉಳಿಯುತ್ತದೆ. ಹೆಂಗಸರ ಕಡೆ ಮೊದಲು ಸದ್ದಡಗಿತು. ಯಂತ್ರದ ಅಲ್ಲಾಬಕ್ಷ್‌ನಿಗೆ ಹಿಂದಿನಿಂದ ಏನೂ ಕೇಳದು. ಸುರುಳಿ ಏರಿಸಿದ್ದಾಯಿತೆಂದು ದೀಪ ಆರಿಸಿ, ಚಿತ್ರ ಬಿಟ್ಟುಬಿಟ್ಟ. ಬೆಳಕಿನ ತೊಲೆ ಬಂದು ಕಸ್ತೂರಮ್ಮನವರ ಮೇಲೆ ಬಿತ್ತು. ಸತ್ತ ಸೊಸೆಯ ಮುಖ ಅರ್ಧ ಪರದೆಯ ಮೇಲೆ, ಅರ್ಧ ಅವರ ಬಿಳಿಸೀರೆಯ ಮೇಲೆ ಹರಡಿತು. ಮುಂದಿದ್ದವರು ಬೆಚ್ಚಿ ಹಿಂದೆ ಸರಿದರು.

ಕಸ್ತೂರಮ್ಮ ಕಣ್ಣು ಕಿರಿದು ಮಾಡಿದರು; ಅಲುಗಲಿಲ್ಲ.

“ಅಲ್ಲಾಬಕ್ಷ್, ಯಂತ್ರ ನಿಲ್ಸಪ್ಪ,” ಎಂದರು ಬೆಳಕಿನ ಕಡೆಗೆ ಕೈಯೆತ್ತಿ. “ನನ್ನ ಮಾತು ಇನ್ನೂ ಮುಗಿದಿಲ್ಲ.”

ಯಂತ್ರ ನಿಂತಿತು. ಅವರು ಬಿಟ್ಟಲ್ಲಿಂದ ಎತ್ತಿಕೊಂಡರು.